ಬೆಂಡೋಲೆಗೆ ಟೂತ್‌ಪೇಸ್ಟ್

ಒಡವೆಗೆ ಹೊಳಪು ತರುವ ಉಪಾಯ ಹೇಳಿಕೊಡುವವರ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಮೂವತ್ತು ವರ್ಷ ದಾಟಿದರೂ ಅದು ತಣಿದಿಲ್ಲ. ಆಗೆಲ್ಲ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನಲ್ಲಿ ಬರುತ್ತಿದ್ದ ಉಪಾಯಗಳು ಈಗ ಮೊಬೈಲಿನಲ್ಲಿ ಹಾಡು, ಬಣ್ಣ ಹಚ್ಚಿಕೊಂಡು ಬರುತ್ತವೆ. ವೇಷ ಬದಲಾಗಿದೆ. ಒಳಗಿನ ಟೂತ್‌ಪೇಸ್ಟ್, ಅಡಿಗೆ ಸೋಡ, ನಿಂಬೆಹುಳಿ ಮಾತ್ರ ಬದಲಾಗಿಲ್ಲ.

ನನ್ನ ಅಜ್ಜಿಮನೆ ಬೆಳ್ಮಣ್ಣಿನಲ್ಲಿ. ಅಜ್ಜಿಯ ಹತ್ತಿರ ಏಳು ಬಿಳಿ ಕಲ್ಲಿನ ಒಂದು ಜೊತೆ ಬೆಂಡೋಲೆ ಇತ್ತು. ದುರ್ಗಾಪರಮೇಶ್ವರಿ ದೇವಸ್ಥಾನದ ಜಾತ್ರೆಗೆ, ಹತ್ತಿರದವರ ಮದುವೆ ಮುಂಜಿಗೆ ಅದು ಹೊರಬರುತ್ತಿತ್ತು. ಮನೆಗೆ ಬಂದದ್ದೇ ಅಜ್ಜಿ ಅದನ್ನು ಕಳಚಿ, ಅಜ್ಜನ ಹಳೆ ಪಂಚೆಯ ತುಂಡಿನಿಂದ ಬೆವರು ಒರಸಿ, ಹತ್ತಿಯಲ್ಲಿ ಸುತ್ತಿ ಕರಡಿಗೆಯಲ್ಲಿಡುತ್ತಿದ್ದರು. ನೀರು ತಾಗಿಸಿದ್ದನ್ನು ನಾನು ಕಂಡಿಲ್ಲ. ಯಾಕೆ ಎಂದು ಕೇಳಿದರೆ "ಅದು ಹಾಗೇ" ಎನ್ನುವರು. ಕಾಲೇಜಿನ ಮೆಟ್ಟಿಲು ಹತ್ತಿದ್ದ ನನಗೆ "ಅದು ಹಾಗೇ" ಎಂಬುದು ಉತ್ತರವಾಗಿ ಕಾಣಲಿಲ್ಲ.

ಚಿಕ್ಕಮ್ಮನ ಮದುವೆಯ ಮುನ್ನಾದಿನ ಎಲ್ಲರೂ ಚಪ್ಪರ, ಅಡಿಗೆ ಎಂದು ಓಡಾಡುತ್ತಿದ್ದಾಗ ನಾನು ಪತ್ರಿಕೆಯಲ್ಲಿ ಓದಿದ್ದ ಪ್ರಕಾರ ಬಿಸಿನೀರಿಗೆ ಸೋಡ ಹಾಕಿ ಬೆಂಡೋಲೆಯನ್ನು ಅರ್ಧ ಗಂಟೆ ನೆನೆಸಿಟ್ಟೆ. ಆಮೇಲೆ ಟೂತ್‌ಪೇಸ್ಟ್ ಹಾಕಿ ಬ್ರಷ್ಷಿನಿಂದ ಚೆನ್ನಾಗಿ ತಿಕ್ಕಿದೆ. ಚಿನ್ನ ಫಳಫಳ ಅಂತು. ಅಜ್ಜಿಗೆ ಬೆಳಗ್ಗೆ ತೋರಿಸುವ ಎಂದು ಇಟ್ಟೆ. ಬೆಳಗ್ಗೆ ನೋಡುವಾಗ ಕಲ್ಲುಗಳಿಗೆ ಕಣ್ಣಿಗೆ ಪೊರೆ ಬಂದ ಹಾಗೆ ಬಂದಿತ್ತು. ಒಂದೆರಡು ಪೂರ್ತಿ ಕಪ್ಪು.

ಅಜ್ಜಿ ಬೈಯಲಿಲ್ಲ. ಆ ದಿನ ಬರಿಯ ಓಲೆ ಹಾಕಿಕೊಂಡು ಧಾರೆಗೆ ನಿಂತರು. ಬೈದಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಆದದ್ದು ಏನೆಂದು ಆಮೇಲೆ ತಿಳಿಯಿತು. ಹಳೆಯ ಕಾಲದ ಇಂಥ ಒಡವೆಗಳಲ್ಲಿ ಕಲ್ಲಿನ ಹಿಂಬದಿ ಮುಚ್ಚಿರುತ್ತದೆ. ಕಲ್ಲಿನ ಕೆಳಗೆ ತೆಳ್ಳಗಿನ ಬೇಗಡೆ ಇಟ್ಟಿರುತ್ತಾರೆ. ಬೆಳಕು ಕಲ್ಲನ್ನು ದಾಟಿ ಬೇಗಡೆಗೆ ಬಡಿದು ಹಿಂದೆ ಬಂದರೆ ಮಾತ್ರ ಆ ಹೊಳಪು. ಸಂದಿಯಲ್ಲಿ ನೀರು ಇಳಿಯಿತೋ, ಬೇಗಡೆ ಕಪ್ಪಾಯಿತು. ಯಕ್ಷಗಾನದ ಕಿರೀಟಕ್ಕೆ ಬೇಗಡೆ ಅಂಟಿಸುವವರನ್ನು "ಇದನ್ನು ಬಿಸಿನೀರಲ್ಲಿ ನೆನೆಸಿಡಬಹುದಾ" ಎಂದು ಕೇಳಿ ನೋಡಿ, ನಿಮ್ಮ ಮುಖವನ್ನೇ ನೋಡಿಯಾರು. ಅಜ್ಜಿಯ "ಅದು ಹಾಗೇ" ಎಂಬ ಮಾತಿನೊಳಗೆ ಇಷ್ಟೆಲ್ಲ ಇತ್ತು.

ಮದುವೆ ಕಳೆದ ಮೇಲೆ ನಾನೂ ಅಜ್ಜಿಯೂ ಪೇಟೆಯ ಒಂದು ಚಿನ್ನದಂಗಡಿಗೆ ಹೋದೆವು. ಅಲ್ಲಿಯವರು ಕಣ್ಣಿಗೆ ಭೂತಗನ್ನಡಿ ಇಟ್ಟು ನೋಡಿ, "ಅಜ್ಜಿ, ಇದು ಗಾಜು. ಕಲ್ಲು ತೆಗೆದು ಚಿನ್ನ ಎಷ್ಟು ತೂಗ್ತದೆ ನೋಡುವ, ಅದಕ್ಕೆ ದುಡ್ಡು ಕೊಡುವ" ಅಂದರು. ಅಜ್ಜಿ ಬೆಂಡೋಲೆಯನ್ನು ಕೈಗೆ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದರು. ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು ಒಂದು ಮಾತು ಹೇಳಿದರು: "ಅಜ್ಜ ತಂದದ್ದು. ಬಿಳಿ ಕಲ್ಲು ಅಂತ ಹೇಳಿದ್ದರು. ಎಂಥ ಕಲ್ಲು ಅಂತ ಅಂಗಡಿಯವ ಅವರಿಗೆ ಹೇಳಿರ್ಲಿಕ್ಕಿಲ್ಲ. ನಾನು ಕೇಳುವ ಕ್ರಮವೇ ಇರಲಿಲ್ಲ ಮಗಾ."

ನನ್ನ ಜಗಳ ಇರುವುದು ಇಲ್ಲಿ. ಟೂತ್‌ಪೇಸ್ಟಿನ ಮೇಲಿನ ಸಿಟ್ಟು ಅರ್ಧ ಮಾತ್ರ. ಉಳಿದರ್ಧ, ನಮಗೆ ಒಡವೆ ಮಾರುವಾಗ ಕಲ್ಲಿನ ಹೆಸರು ಹೇಳದವರ ಮೇಲೆ. ಆಗ "ಬಿಳಿ ಕಲ್ಲು" ಎನ್ನುತ್ತಿದ್ದರು, ಈಗ "ಸ್ಟೋನ್" ಎನ್ನುತ್ತಾರೆ, ಸ್ವಲ್ಪ ದೊಡ್ಡ ಅಂಗಡಿಯಾದರೆ "ಕ್ರಿಸ್ಟಲ್". ಈ ಕ್ರಿಸ್ಟಲ್ ಎಂಬ ಮಾತಿನ ಆಟ ಹೊಸದೂ ಅಲ್ಲ. ಐನೂರು ವರ್ಷಕ್ಕೂ ಹಿಂದೆ ವೆನಿಸ್ಸಿನವರು ಶುಭ್ರವಾದ ಗಾಜು ಮಾಡಲು ಕಲಿತಾಗ ಅದಕ್ಕೆ ಸ್ಫಟಿಕದ ಹೆಸರನ್ನೇ ಇಟ್ಟರು. 1674ರಲ್ಲಿ ಇಂಗ್ಲೆಂಡಿನ ರೇವನ್ಸ್‌ಕ್ರಾಫ್ಟ್ ಎಂಬವನು ತನ್ನ ಹೊಸ ಗಾಜಿಗೆ ಹಕ್ಕುಪತ್ರ ಪಡೆದ. ಗಾಜಿಗೆ ಸೀಸ ಸೇರಿಸಿ ಹೊಳಪು ಹೆಚ್ಚಿಸುವ ವಿದ್ಯೆ ಅವನ ಕೈಯಲ್ಲಿ ಪಳಗಿತು. ಆಸ್ಟ್ರಿಯಾದ ಡೇನಿಯಲ್ ಸ್ವರೋಸ್ಕಿ 1892ರಲ್ಲಿ ಗಾಜು ಕಡಿಯುವ ಯಂತ್ರ ಕಂಡುಹಿಡಿದು 1895ರಲ್ಲಿ ಕಾರ್ಖಾನೆ ಹಾಕಿದ ಮೇಲೆ ಅಂಥ ಹರಳು ಲೋಕಕ್ಕೆಲ್ಲ ಹಬ್ಬಿತು. ತಮಾಷೆ ಎಂದರೆ, ಸ್ಫಟಿಕದೊಳಗೆ ಕಣಗಳು ಸಾಲು ಹಿಡಿದು ಕೂತಿರುತ್ತವೆ, ಗಾಜಿನಲ್ಲಿ ಆ ಸಾಲೇ ಇಲ್ಲ. ಯಾವುದು ಕ್ರಿಸ್ಟಲ್ ಅಲ್ಲವೋ ಅದಕ್ಕೇ ಆ ಹೆಸರು.

ಗಾಜಾದರೆ ಏನಂತೆ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳುವವಳು. ನಮ್ಮಲ್ಲಿ ಹೆಚ್ಚಿನವರ ಕೊರಳಿನ ಕರಿಮಣಿ ಗಾಜಿನದೇ. ಅದಕ್ಕಿಂತ ದೊಡ್ಡ ಒಡವೆ ಉಂಟೇ? ಜಾತ್ರೆಯಲ್ಲಿ ಬಳೆಗಾರ "ಗಾಜಿನ ಬಳೆ" ಎಂದು ಬಾಯ್ತುಂಬ ಕರೆದೇ ಮಾರುತ್ತಾನೆ. ಗಾಜು ಅಂದ ಎಂದು ಯಾವ ಹೆಂಗಸಾದರೂ ಕೈ ಹಿಂದೆ ಎಳೆದುಕೊಂಡದ್ದುಂಟೇ? ಹೆಸರು ಹೇಳಿದರೆ ಗಿರಾಕಿ ಓಡಿಹೋಗುತ್ತಾಳೆ ಎಂದು ಅಂಗಡಿಯವರು ಹೆದರುವುದು ಸುಳ್ಳು ಹೆದರಿಕೆ. ಹೆಸರು ಹೇಳಿದರೆ ಗಿರಾಕಿ ಚೌಕಾಸಿ ಮಾಡುತ್ತಾಳೆ, ಅಷ್ಟೆ.

ಆದರೆ ಹೆಸರು ಹೇಳದಿದ್ದರೆ ಒಡವೆ ಉಳಿಯುವುದಿಲ್ಲ. ಏಕೆಂದರೆ ಒಂದೊಂದಕ್ಕೆ ಒಂದೊಂದು ಆರೈಕೆ. 1812ರಲ್ಲಿ ಮೋಸ್ ಎಂಬ ಜರ್ಮನಿಯ ಖನಿಜ ಪಂಡಿತ ಯಾವುದು ಯಾವುದನ್ನು ಗೀರುತ್ತದೆ ಎಂದು ನೋಡಿ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟ. ವಜ್ರಕ್ಕೆ 10, ಮಾಣಿಕ್ಯಕ್ಕೆ 9, ಸ್ಫಟಿಕಕ್ಕೆ 7. ಅದೇ ಲೆಕ್ಕದಲ್ಲಿ ಗಾಜು ಸುಮಾರು ಐದೂವರೆ, ಮುತ್ತು ಹವಳಗಳು ಮೂರು ನಾಲ್ಕರ ಹತ್ತಿರ, ಚಿನ್ನ ಮೂರೂ ಮುಟ್ಟುವುದು ಕಷ್ಟ. ಇನ್ನು ನಮ್ಮ ಜಗಲಿಯ ಧೂಳಿನಲ್ಲಿ ಇರುವುದೇನು? ಮರಳಿನ ಪುಡಿ. ಅದು ಸ್ಫಟಿಕದ ಜಾತಿಯೇ, ಅಂಕ 7. ಧೂಳು ಕೂತ ಗಾಜಿನ ಸರವನ್ನು ಒಣಬಟ್ಟೆಯಿಂದ ಗಸಗಸ ಒರಸುವುದೆಂದರೆ ಮರಳುಕಾಗದದಿಂದ ಉಜ್ಜಿದ ಹಾಗೆ. ಟೂತ್‌ಪೇಸ್ಟಿನಲ್ಲಿಯೂ ಹಲ್ಲಿನ ಕಿಟ್ಟ ತೆಗೆಯಲು ನುಣುಪಾದ ಪುಡಿ ಸೇರಿಸಿರುತ್ತಾರೆ. ಅದು ಚಿನ್ನದ ನೀರು ಕೊಟ್ಟ ಲೇಪವನ್ನು ತಿನ್ನುತ್ತದೆ, ಮುತ್ತಿನ ಮೈಯನ್ನು ಮಂಕು ಮಾಡುತ್ತದೆ. ಕಾಮನಬಿಲ್ಲಿನ ಬಣ್ಣ ಚೆಲ್ಲುವ ಹರಳುಗಳು ಬರುತ್ತವಲ್ಲ, 1956ರಿಂದೀಚೆಗೆ ಬಂದವು, ಅವುಗಳ ಬಣ್ಣ ಒಳಗಿನದಲ್ಲ, ಮೇಲೆ ಹಿಡಿಸಿದ ತೆಳ್ಳಗಿನ ಪೊರೆ. ತಿಕ್ಕಿದರೆ ಹೋಯಿತು.

ನಿಂಬೆಹುಳಿ, ವಿನೆಗರ್ ಎಂದು ಹೇಳುವವರಿಗೆ ನಮ್ಮ ಕಡಲ ಕರೆಯ ಹೆಂಗಸರು ಒಂದು ಪ್ರಯೋಗ ತೋರಿಸಬಹುದು. ಮರುವಾಯಿಯ ಚಿಪ್ಪಿಗೆ ನಿಂಬೆರಸ ಹಿಂಡಿ ನೋಡಿ. ಸಣ್ಣಗೆ ಗುಳ್ಳೆ ಏಳುತ್ತದೆ. ಚಿಪ್ಪು ಕರಗುವ ರೀತಿ ಅದು. ಮುತ್ತು, ಹವಳ ಅದೇ ಚಿಪ್ಪಿನ ನಂಟರು.

ಹಾಗಾದರೆ ಏನು ಮಾಡಬೇಕು? ಮೊದಲು ಹಿಂಬದಿ ತಿರುಗಿಸಿ ನೋಡಿ. ಮುಚ್ಚಿದ್ದರೆ, ಅಂಟು ಹಾಕಿ ಕೂರಿಸಿದ್ದರೆ ನೀರೇ ಬೇಡ. ಧೂಳನ್ನು ಉಫ್ ಎಂದು ಊದಿ, ಬೇಕಾದರೆ ಬಟ್ಟೆಯ ತುದಿಯನ್ನು ಒದ್ದೆ ಮಾಡಿ ಹಿಂಡಿ ಮೆಲ್ಲಗೆ ಒತ್ತಿ, ಕೂಡಲೇ ಒಣಬಟ್ಟೆಯಿಂದ ಒತ್ತಿ ತೆಗೆಯಿರಿ. ಹಿಂಬದಿ ತೆರೆದಿದ್ದು, ಅಂಟು ಬೇಗಡೆ ಏನೂ ಇಲ್ಲದೆ, ಕಲ್ಲನ್ನು ಲೋಹದ ಉಗುರುಗಳೇ ಹಿಡಿದಿದ್ದರೆ ಉಗುರು ಬೆಚ್ಚಗಿನ ನೀರು, ಒಂದು ಅಂಟುವಾಳ ಕಾಯಿಯ ನೊರೆ, ಮೆತ್ತಗಿನ ಬ್ರಷ್ಷು ಸಾಕು. ಬಿಸಿನೀರು ಬೇಡ, ಗಾಜು ಬಿರಿಯುತ್ತದೆ. ಸ್ಫಟಿಕದ ಜಪಮಾಲೆಯ ಮಣಿಗೆ ನೀರಿನ ಭಯವಿಲ್ಲ, ದಾರಕ್ಕೆ ಇದೆ. ನಮ್ಮ ಮಳೆಗಾಲದಲ್ಲಿ ಒದ್ದೆ ದಾರ ಒಳಗೇ ಮುಗ್ಗುಹಿಡಿದು ಒಂದು ದಿನ ದೇವರಕೋಣೆಯಲ್ಲಿ ಮಣಿಯೆಲ್ಲ ಚೆಲ್ಲುತ್ತದೆ. ಮುತ್ತು ಹವಳಕ್ಕೆ ಒದ್ದೆ ಬಟ್ಟೆ ಬಿಟ್ಟರೆ ಬೇರೇನೂ ಬೇಡ. ಸೆಂಟು, ಪೌಡರು ಎಲ್ಲ ಆದ ಮೇಲೆ ಒಡವೆ. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಸುರಿಯಬೇಡಿ, ವಜ್ರದ ಉಂಗುರ ಪಕ್ಕದ ಗಾಜನ್ನು ಗೀರದೆ ಬಿಡುವುದಿಲ್ಲ.

ಕೈಯಲ್ಲಿರುವುದು ಸ್ಫಟಿಕವೋ ಗಾಜೋ ಎಂದು ತಿಳಿಯಬೇಕಾದರೆ ಕೆನ್ನೆಗೆ ಇಟ್ಟು ನೋಡಿ. ಸ್ಫಟಿಕ ತಣ್ಣಗಿರುತ್ತದೆ, ಬೇಗ ಬೆಚ್ಚಗಾಗುವುದಿಲ್ಲ. ಭೂತಗನ್ನಡಿಯಲ್ಲಿ ದುಂಡಗಿನ ಗಾಳಿಗುಳ್ಳೆ ಕಂಡರೆ ಹೆಚ್ಚಾಗಿ ಅದು ಗಾಜೇ. ಇದೆಲ್ಲ ಅಂದಾಜು ಮಾತ್ರ. ಸರಿಯಾಗಿ ಹೇಳಬೇಕಾದವರು ಮಾರಿದವರು. ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಯಿತು, ಒಳ್ಳೆಯದೇ ಆಯಿತು. ಆದರೆ 916 ಎಂಬ ಮುದ್ರೆ ಚಿನ್ನದ ಮಾತು ಹೇಳುತ್ತದೆ. ಅದರೊಳಗೆ ಕೂತ ಕಲ್ಲಿನ ಬಗ್ಗೆ ಒಂದಕ್ಷರ ಹೇಳುವುದಿಲ್ಲ.

ಅಜ್ಜಿಯ ಬೆಂಡೋಲೆಯನ್ನು ಊರಿನ ಆಚಾರ್ರು ಹಿಂಬದಿ ಬಿಡಿಸಿ ಹೊಸ ಬೇಗಡೆ ಇಟ್ಟುಕೊಟ್ಟರು. ಹೊಳಪು ಬಂತು, ಮೊದಲಿನದಲ್ಲ. ಅಜ್ಜಿ ಅದನ್ನು ಮತ್ತೆ ಎಲ್ಲ ಜಾತ್ರೆಗೂ ಹಾಕಿಕೊಂಡರು. ಅದು ಗಾಜು ಎಂದು ತಿಳಿದೂ ಹಾಕಿಕೊಂಡರು. ಈಗ ನನ್ನ ಕರಡಿಗೆಯಲ್ಲಿದೆ, ಅದೇ ಹತ್ತಿ, ಬೇರೆ ಪಂಚೆಯ ತುಂಡು.

ಕಳೆದ ವರ್ಷ ಮಗಳಿಗೆ ಹರಳಿನ ಒಂದು ಸರ ಕೊಳ್ಳಲು ಉಡುಪಿಯ ಅಂಗಡಿಯೊಂದಕ್ಕೆ ಹೋಗಿದ್ದೆವು. ಹುಡುಗ ಬಿಲ್ಲಿನಲ್ಲಿ "ಸ್ಟೋನ್" ಎಂದು ಬರೆದ. ಎಂಥ ಸ್ಟೋನ್ ಎಂದು ಕೇಳಿದೆ. "ಕ್ರಿಸ್ಟಲ್ ಆಂಟಿ" ಅಂದ. ಎಂಥ ಕ್ರಿಸ್ಟಲ್ ಎಂದು ಕೇಳಿದೆ. ಅವನು ಒಳಗೆ ಹೋಗಿ ಧಣಿಗಳನ್ನು ಕೇಳಿ ಬಂದ. ಹಿಂದೆ ಸಾಲಿನಲ್ಲಿದ್ದ ಹೆಂಗಸರು ಗಡಿಯಾರ ನೋಡುತ್ತಿದ್ದರು, ಮಗಳು "ಅಮ್ಮಾ, ಸಾಕು" ಎಂದು ನನ್ನ ಸೆರಗು ಎಳೆಯುತ್ತಿದ್ದಳು. ನಾನು ನಿಂತೇ ಇದ್ದೆ. ಕೊನೆಗೆ ಅವನು "ಸ್ಟೋನ್" ಎಂಬುದನ್ನು ಹೊಡೆದುಹಾಕಿ "ಗ್ಲಾಸ್" ಎಂದು ಬರೆದು ಮೊಹರು ಒತ್ತಿ ಕೊಟ್ಟ. ಆಗ ಸಾಲಿನಲ್ಲಿದ್ದ ಒಬ್ಬಾಕೆ ತನ್ನ ಕೈಯಲ್ಲಿದ್ದ ಬಿಲ್ಲನ್ನು ಮುಂದೆ ಚಾಚಿ, "ನನ್ನದರಲ್ಲಿಯೂ ಬರೆದುಕೊಡಿ" ಅಂದಳು.