ದಿನ ಕೇಳುವುದು ಭಿಕ್ಷೆಯಲ್ಲ

ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿರುವ ಗರ್ಭಿಣಿಗೆ ನೋವು ಬರುವವರೆಗೆ ಕಾಯಲು ಹೇಳುವುದು ಸಲಹೆಯಲ್ಲ, ಅಪರಾಧ. ರಕ್ತಸ್ರಾವ ಆರಂಭವಾದರೆ ತಾಯಿ-ಮಗು ಇಬ್ಬರ ಜೀವವೂ ನಿಮಿಷಗಳ ಲೆಕ್ಕದಲ್ಲಿರುತ್ತದೆ. ಆದರೂ ಸಿಸೇರಿಯನ್‌ಗೆ ಮುಂಚಿತವಾಗಿ ದಿನ ಕೇಳಿದರೆ, ಅರಿವಳಿಕೆ ವೈದ್ಯರಿಲ್ಲ, ರಕ್ತವಿಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ ಎಂಬ ಉತ್ತರ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲಿ ಸಿದ್ಧವಾಗಿರುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47.4 ಸಿಸೇರಿಯನ್, ಸರಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಹಣವಿದ್ದಲ್ಲಿ ಅನಗತ್ಯ ಕತ್ತರಿ, ಇಲ್ಲದಲ್ಲಿ ಅಗತ್ಯಕ್ಕೂ ಅಲೆದಾಟ! ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲೇ ಸರಕಾರಿ ಆಸ್ಪತ್ರೆಯ ಸಿಸೇರಿಯನ್ನನ್ನು ಉಚಿತಗೊಳಿಸಿತು. ಸಕಾಲದಲ್ಲಿ ಸಿಗದ ಉಚಿತದಿಂದ ಪ್ರಯೋಜನವೇನು?

ತಪ್ಪು ನಮ್ಮ ಮನೆಗಳಲ್ಲೂ ಇದೆ. ಸಹಜ ಹೆರಿಗೆಯೇ ಆಗಲಿ ಎಂದು ಸೊಸೆಯ ಸ್ಕ್ಯಾನಿಂಗ್ ವರದಿಯನ್ನು ಕಡೆಗಣಿಸುವವರು ನಾವೇ. ಅಪಾಯದ ಗರ್ಭವೆಂದು ಗೊತ್ತಾದೊಡನೆ ಶಸ್ತ್ರಚಿಕಿತ್ಸೆಯ ದಿನವನ್ನೂ ಆಸ್ಪತ್ರೆಯನ್ನೂ ತಾಯಿ ಕಾರ್ಡ್‌ನಲ್ಲಿ ಬರೆದುಕೊಡಲಿ. ಅದನ್ನು ನಾವು ಹಕ್ಕಿನಿಂದಲೇ ಕೇಳೋಣ.