ನಾಲ್ಕೇ ಹಕ್ಕಿಗಳು ಉಳಿದಾಗ

ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದ ರಾಷ್ಟ್ರಲಾಂಛನದಲ್ಲಿ ಡೋಡೋ ಹಕ್ಕಿಯ ಚಿತ್ರವಿದೆ. ಆ ದೇಶದ ಕಾಡಿನಲ್ಲಾಗಲಿ, ಜಗತ್ತಿನ ಬೇರಾವ ಮೂಲೆಯಲ್ಲಾಗಲಿ ಇಂದು ಡೋಡೋ ಇಲ್ಲ. 1598ರಲ್ಲಿ ಡಚ್ಚರು ಅಲ್ಲಿ ಕಾಲಿಟ್ಟರು. ಆ ಮೇಲೆ ನೂರು ವರ್ಷ ತುಂಬುವುದರೊಳಗೆ ಆ ಸಂತತಿ ನಿರ್ನಾಮವಾಯಿತು. ಬೇಟೆಗಾರರೇ ಅದನ್ನು ಮುಗಿಸಿದರೆಂದು ಹೇಳಿಬಿಡುವುದು ಸುಲಭ. ಆದರೆ ಹಡಗುಗಳೊಡನೆ ಬಂದ ಇಲಿ, ಹಂದಿ, ಮಂಗಗಳು ನೆಲದ ಮೇಲಿನ ಅದರ ಗೂಡುಗಳಿಗೆ ತಂದ ವಿನಾಶ ಕೋವಿಗಿಂತ ಕಡಿಮೆಯದೇನಲ್ಲ.

ದ್ವೀಪದ ಜೀವಿಗಳ ದೌರ್ಬಲ್ಯವೇ ಇದು. ಲಕ್ಷಾಂತರ ವರ್ಷ ಶತ್ರುವಿಲ್ಲದ ನೆಲದಲ್ಲಿ ಬಾಳಿದ ಹಕ್ಕಿಗೆ ಹೆದರಲು ತಿಳಿಯದು. ಕೆಲವಕ್ಕೆ ಹಾರುವ ರೆಕ್ಕೆಯೂ ಉಳಿದಿರದು. ಓಡಿಹೋಗಲು ಪಕ್ಕದ ಕಾಡೆಂಬುದಿಲ್ಲ, ಸುತ್ತಲೂ ಕಡಲು. 1500ರಿಂದೀಚೆಗೆ ಅಳಿದ ಪಕ್ಷಿಜಾತಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ದ್ವೀಪವಾಸಿಗಳೇ ಆಗಿದ್ದವೆಂಬ ಲೆಕ್ಕ ಈ ಕಾರಣದಿಂದ ನಮ್ಮನ್ನು ಬೆರಗುಗೊಳಿಸದು, ಬೇಸರಗೊಳಿಸುತ್ತದೆ.

ಡೋಡೋವಿನ ಕಥೆ ಎಲ್ಲರಿಗೂ ಗೊತ್ತು. ಅದೇ ದ್ವೀಪದ ಮತ್ತೊಂದು ಹಕ್ಕಿಯ ಕಥೆ ಅಷ್ಟು ಪ್ರಸಿದ್ಧವಲ್ಲ. ಮಾರಿಷಸ್ ಕೆಸ್ಟ್ರೆಲ್ ಎಂಬುದು ಕಂದು ಬಣ್ಣದ ಪುಟ್ಟ ಗಿಡುಗ. ಕಾಡಿನ ಹಲ್ಲಿಗಳೇ ಅದರ ಮುಖ್ಯ ಆಹಾರ. ಕಬ್ಬಿನ ತೋಟಗಳಿಗಾಗಿ ಕಾಡು ಕರಗಿತು. ಮಲೇರಿಯಾ ನಿವಾರಣೆಗೆಂದು, ಬೆಳೆರಕ್ಷಣೆಗೆಂದು ಸಿಂಪಡಿಸಿದ ಡಿ.ಡಿ.ಟಿ. ಬೇಟೆಯ ಮೂಲಕ ಹಕ್ಕಿಯ ದೇಹವನ್ನು ಸೇರಿತು. ಇಂಥ ವಿಷದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಮರಿಯಾಗುವ ಮೊದಲೇ ಒಡೆಯುತ್ತದೆ. ಇದರ ಮೇಲೆ 1900ರ ಸುಮಾರಿಗೆ ಇಲಿಗಳನ್ನು ಹತೋಟಿಗೆ ತರಲೆಂದು ಭಾರತದಿಂದ ಮುಂಗುಸಿಗಳನ್ನು ಒಯ್ದು ಬಿಟ್ಟಿದ್ದರು. ಮುಂಗುಸಿಗೆ ಇಲಿಯೆಂದರೂ ಅಷ್ಟೇ, ಹಕ್ಕಿಯ ಮರಿಯೆಂದರೂ ಅಷ್ಟೇ. ನಮ್ಮ ಮನೆಗಳಲ್ಲಿ ಹಾವಿನಿಂದ ಕಾಯುವ ಪ್ರಾಣಿಯೆಂದು ಕಥೆಯಾಗಿರುವ ಮುಂಗುಸಿ ಅಲ್ಲಿ ಗೂಡುಗಳ್ಳನಾಯಿತು. 1974ರ ಹೊತ್ತಿಗೆ ಕಾಡಿನಲ್ಲಿ ಉಳಿದಿದ್ದುದು ನಾಲ್ಕೇ ಕೆಸ್ಟ್ರೆಲ್‌ಗಳು.

ಆಗ ಅನೇಕರು ಕೈಚೆಲ್ಲಿದ್ದರು. 1979ರಲ್ಲಿ ವೇಲ್ಸಿನಿಂದ ಬಂದ ಕಾರ್ಲ್ ಜೋನ್ಸ್ ಎಂಬ ತರುಣ ಕೈಚೆಲ್ಲಲಿಲ್ಲ. ಗೂಡಿನ ಮೊದಲ ಮೊಟ್ಟೆಗಳನ್ನು ತೆಗೆದರೆ ತಾಯಿಹಕ್ಕಿ ಮತ್ತೆ ಮೊಟ್ಟೆ ಇಡುತ್ತದೆ. ತೆಗೆದವನ್ನು ಕಾವುಪೆಟ್ಟಿಗೆಯಲ್ಲಿ ಮರಿ ಮಾಡಿ, ಕೈತುತ್ತು ಕೊಟ್ಟು ಬೆಳೆಸಿ ಕಾಡಿಗೆ ಬಿಡುವುದು ಅವರ ಕ್ರಮ. ಕಾಡಿನ ಹಕ್ಕಿಗಳಿಗೂ ಆಹಾರ ಒದಗಿಸಿದರು, ಗೂಡುಪೆಟ್ಟಿಗೆಗಳನ್ನು ಕಟ್ಟಿದರು, ಮುಂಗುಸಿಗಳನ್ನು ಹಿಡಿಸಿದರು. ಹೀಗೆ ಮುನ್ನೂರಕ್ಕೂ ಹೆಚ್ಚು ಹಕ್ಕಿಗಳು ಕಾಡು ಸೇರಿದವು. ಹತ್ತರ ಆಸುಪಾಸಿಗೆ ಇಳಿದಿದ್ದ ಅಲ್ಲಿನ ಗುಲಾಬಿ ಪಾರಿವಾಳವೂ ಇಂಥದೇ ಶುಶ್ರೂಷೆಯಿಂದ ನೂರುಗಳ ಸಂಖ್ಯೆಗೆ ಬಂದಿತು.

ಇಲ್ಲಿಗೆ ಕಥೆ ಮುಗಿಯುವಂತಿದ್ದರೆ ಚೆನ್ನಾಗಿತ್ತು. ಆದರೆ 2014ರಲ್ಲಿ ಕೆಸ್ಟ್ರೆಲ್ ಅನ್ನು ಮತ್ತೆ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಹಕ್ಕಿಯನ್ನು ಮರಳಿಸಬಹುದು, ಅದು ಬಾಳಬೇಕಾದ ಕಾಡನ್ನು ಅಷ್ಟು ಬೇಗ ಮರಳಿಸಲಾಗದು. ಹೊರಗಿನಿಂದ ಬಂದ ಪೇರಳೆ ಜಾತಿಯ ಗಿಡಗಳು ಉಳಿದ ತುಣುಕು ಕಾಡನ್ನೂ ಮುತ್ತಿಕೊಂಡಿವೆ. ಕರಾವಳಿಗೆ ಸಮೀಪದ ಇಲ್ ಓ ಎಗ್ರೆಟ್ ಎಂಬ 26 ಹೆಕ್ಟೇರಿನ ನಡುಗಡ್ಡೆಯಲ್ಲಿ ಇಲಿಗಳನ್ನು ನಿರ್ಮೂಲಗೊಳಿಸಿ, ಕಳೆ ಕಿತ್ತು, ಕೈಯಾರೆ ಸಸಿ ನೆಟ್ಟು ಕಾಡು ಬೆಳೆಸುತ್ತಿದ್ದಾರೆ. ಕರಿಮರದ ಬೀಜ ಹರಡುತ್ತಿದ್ದ ದೇಶೀಯ ದೈತ್ಯ ಆಮೆಗಳು ಎಂದೋ ಅಳಿದುದರಿಂದ ಆಲ್ದಾಬ್ರಾ ದ್ವೀಪದ ಆಮೆಗಳನ್ನು ತಂದು ಆ ಕೆಲಸ ವಹಿಸಿದ್ದಾರೆ. 2020ರಲ್ಲಿ ಹತ್ತಿರದಲ್ಲೇ ಹಡಗೊಂದು ಹವಳದಿಬ್ಬಕ್ಕೆ ಬಡಿದು ಸುಮಾರು ಸಾವಿರ ಟನ್ ತೈಲ ಸೋರಿತು. ದಶಕಗಳ ದುಡಿಮೆಗೆ ಒಂದೇ ದಿನದ ಅಜಾಗರೂಕತೆ ಹೇಗೆ ಮುಳುವಾಗಬಲ್ಲದೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಒಂದು ಪುಟ್ಟ ಗಿಡುಗಕ್ಕಾಗಿ ಇಷ್ಟೆಲ್ಲ ಏಕೆ ಎಂದು ಯಾರಾದರೂ ಕೇಳಬಹುದು. ದೇವರ ಒಳ್ಳೆಯತನವನ್ನು ಯಾವುದೇ ಒಂದು ಸೃಷ್ಟಿ ಒಂಟಿಯಾಗಿ ತೋರಲಾರದು, ಆದುದರಿಂದಲೇ ಸೃಷ್ಟಿಗಳು ಬಹುವಾಗಿವೆ, ಬಗೆಬಗೆಯಾಗಿವೆ ಎಂದು ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ವಾದಿಸಿದ್ದರು. 2015ರ 'ಲೌದಾತೋ ಸೀ' ಪತ್ರದಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸರು ಇದೇ ವಿಚಾರವನ್ನು ಮುಂದಿಟ್ಟು, ಜೀವಜಾತಿಗಳನ್ನು ಅಳಿಸುವ ಹಕ್ಕು ನಮಗಿಲ್ಲವೆಂದರು. ಮಾನವನ ಉಪಯೋಗ ಒಂದೇ ಅಳತೆಗೋಲಾದರೆ ಕೆಸ್ಟ್ರೆಲ್‌ಗೆ ಬೆಲೆಯಿಲ್ಲ. ಆ ಅಳತೆಗೋಲಿನಲ್ಲಿ ಹಾಸಿಗೆ ಹಿಡಿದ ವೃದ್ಧರಿಗೂ ಬೆಲೆ ಉಳಿಯದೆಂಬುದನ್ನು ನಾವು ಯೋಚಿಸಬೇಕು.

ಈ ಪ್ರಶ್ನೆ ಪರದೇಶದ್ದು ಮಾತ್ರವಲ್ಲ. ನಮ್ಮ ದೇಶಕ್ಕೂ ದ್ವೀಪಗಳಿವೆ. ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿಯ ಮರಳಿನಲ್ಲಿ ಜಗತ್ತಿನ ಅತಿದೊಡ್ಡ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಮಣ್ಣು, ಎಲೆಗಳ ದಿಬ್ಬ ಕಟ್ಟಿ ಅದರ ಬಿಸಿಯಲ್ಲಿ ಮರಿ ಮಾಡುವ ಮೆಗಾಪೋಡ್ ಹಕ್ಕಿ ಆ ದ್ವೀಪಸಮೂಹವನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಶೋಂಪೆನ್ ಜನರ ನೆಲೆಯೂ ಅದೇ ಕಾಡು. 2021ರಲ್ಲಿ ಗಲಾಥಿಯಾ ಕೊಲ್ಲಿಯ ಅಭಯಾರಣ್ಯದ ಸ್ಥಾನವನ್ನು ರದ್ದುಗೊಳಿಸಲಾಯಿತು. ಬಂದರು, ವಿಮಾನನಿಲ್ದಾಣ, ನಗರಗಳ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ದೊರೆಯಿತು. ಸುಮಾರು 130 ಚದರ ಕಿಲೋಮೀಟರ್ ಅರಣ್ಯ ಇದಕ್ಕೆ ಬೇಕು. ಬದಲಿಗೆ ಹರಿಯಾಣದಲ್ಲಿ ಗಿಡ ನೆಡುವ ಮಾತು ಬಂದಿತು. ದೇಶದ ಭದ್ರತೆ, ವ್ಯಾಪಾರ, ಉದ್ಯೋಗಗಳ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹರಿಯಾಣದ ಗಿಡಗಳಲ್ಲಿ ಮೆಗಾಪೋಡ್ ದಿಬ್ಬ ಕಟ್ಟದು, ಕಡಲಾಮೆ ಅಲ್ಲಿಗೆ ಈಜಿ ಬಾರದು. ಮರಗಳ ಎಣಿಕೆ ಸರಿಹೋದ ಮಾತ್ರಕ್ಕೆ ನಷ್ಟ ತುಂಬಿತೆನ್ನುವುದು ಲೆಕ್ಕದ ಜಾಣತನ.

ನಾಲ್ಕು ಹಕ್ಕಿಗಳಿಂದ ನಾನೂರಕ್ಕೆ ಏರಲು ಮಾರಿಷಸ್ಸಿಗೆ ಒಂದು ತಲೆಮಾರು ಹಿಡಿಯಿತು. ಇನ್ನೂ ಆತಂಕ ತಪ್ಪಿಲ್ಲ. ಇರುವುದು ನಾಲ್ಕಕ್ಕೆ ಇಳಿಯದಂತೆ ನೋಡಿಕೊಳ್ಳುವ ಅವಕಾಶ ನಮಗೆ ಇನ್ನೂ ಇದೆ. ನಮ್ಮ ಕುಟುಂಬಗಳು ಈ ವಿಷಯವನ್ನು ಮಕ್ಕಳೊಡನೆ ಊಟದ ಹೊತ್ತಿನಲ್ಲಿ ಮಾತನಾಡಲಿ. ಮತ ಕೇಳಲು ಬರುವವರನ್ನು ಗಲಾಥಿಯಾದ ಬಗೆಗೂ ಒಂದು ಮಾತು ಕೇಳಲಿ. ದೂರದ ದ್ವೀಪದ ಮೂಕಜೀವಿಗಳ ಪರವಾಗಿ ಕೇಳಲು ಅಲ್ಲಿ ಮತದಾರರು ಬಹಳ ಮಂದಿಯಿಲ್ಲ.