ಎಕ್ಕ, ಎರಡು ಬಂದರೆ ಗೆದ್ದಂತೆಯೇ?

ಹೊಸೂರು, ಕೃಷ್ಣಗಿರಿ ಕಡೆಯ ನಮ್ಮ ಕನ್ನಡ ಶಾಲೆಯ ಮಕ್ಕಳ ಕೈಗೂ ಮೊಬೈಲು ಬಂದಿದೆ. ದುಡ್ಡಿನ ಇಸ್ಪೀಟು ಬೇಡವೆಂದು ಗದರುವುದಕ್ಕಿಂತ ಲೆಕ್ಕ ತೋರಿಸುವುದು ಮೇಲು ಎಂಬುದು ನನ್ನ ಅನಿಸಿಕೆ.

ಒಮಾಹಾ ಹೈ-ಲೋ ಪೋಕರನ್ನೇ ನೋಡಿ. ಕೈಗೆ 4 ಎಲೆ, ಮೇಜಿನ ಮೇಲೆ 5. ಕೈಯಿಂದ 2, ಮೇಜಿನಿಂದ 3 ಸೇರಿಸಲೇಬೇಕು. ಪಣದ ಅರ್ಧ ದೊಡ್ಡ ಕೈಗೆ, ಅರ್ಧ ಚಿಕ್ಕ ಕೈಗೆ. ಚಿಕ್ಕ ಕೈ ಎಂದರೆ ಬೇರೆ ಬೇರೆ ಅಂಕಿಯ, 8 ಮೀರದ ಐದು ಎಲೆ; ಎಕ್ಕ ಇಲ್ಲಿ 1. ಹಾಗಾಗಿ ಎಕ್ಕ, 2 ಕಂಡೊಡನೆ ಆಟಗಾರ ಹಿಗ್ಗುತ್ತಾನೆ.

ಆದರೆ ಉಳಿದೆರಡು ರಾಜ, ರಾಣಿಯಾದರೆ ಚಿಕ್ಕ ಕೈ ಕೂಡುವುದು 100ಕ್ಕೆ ಸುಮಾರು 37 ಸಲ ಮಾತ್ರ. ಕೂಡಿದರೂ, ಎದುರಾಳಿಗೂ ಅದೇ ಜೋಡಿಯಿದ್ದರೆ ಆ ಅರ್ಧದಲ್ಲಿ ಸಿಗುವುದು ಪಣದ ಕಾಲು ಪಾಲು. 4 ಎಲೆಯಲ್ಲಿ 6 ಜೋಡಿಗಳಿವೆ. ಇಲ್ಲಿ ಚಿಕ್ಕದಕ್ಕೆ ಆಗಿಬರುವುದು ಒಂದೇ. ಎಕ್ಕ, 2, 3, 4 ಬಂದರೆ ಆರೂ!

2023ರಲ್ಲಿ ಮದ್ರಾಸ್ ಹೈಕೋರ್ಟು ಪೋಕರನ್ನು ಕೌಶಲದ ಆಟವೆಂದಿತು. 2025ರಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಕೌಶಲವೆಂದರೆ ಈ ಲೆಕ್ಕವೇ. ಸಂಭವನೀಯತೆ ಪಾಠದಲ್ಲಿ, ದುಡ್ಡಿಲ್ಲದೆ, ಒಂದು ಕಟ್ಟು ಎಲೆಯಿಂದ ಇದನ್ನು ಕಲಿತ ಮಗು ಎರಡು ಎಲೆ ನಂಬಿ ಅಪ್ಪನ ಸಂಬಳ ಕಟ್ಟಲು ಹಿಂಜರಿದೀತು. ಏನಂತೀರಿ?